ನಡಿಗೆಯೊಂದೇ ಸಾಲದು, ಬಸ್ಕಿಯೂ ಬೇಕು

ತುಮಕೂರಿನಲ್ಲಿ ಬೆಳಗ್ಗೆ ಬೇಗ ಎದ್ದು ಮೈ ದಣಿಸುವವರಲ್ಲಿ ಎರಡು ಗುಂಪು ಎದ್ದು ಕಾಣುತ್ತವೆ. ಪೊಲೀಸ್ ಇಲಾಖೆಗೋ ಸೇನೆಗೋ ಸೇರಬೇಕೆಂದು ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಓಡುವ ಇಪ್ಪತ್ತರ ಆಸುಪಾಸಿನವರು ಒಂದು ಕಡೆ. ಶುಗರ್ ಬಂದಿದೆ, ವಾಕಿಂಗ್ ಮಾಡಿ ಎಂದು ಡಾಕ್ಟರು ಹೇಳಿದ ಮೇಲೆ ಅಮಾನಿಕೆರೆಯ ಸುತ್ತ ಹೆಜ್ಜೆ ಹಾಕುವ ಐವತ್ತು ದಾಟಿದವರು ಇನ್ನೊಂದು ಕಡೆ. ನಡುವಿನ ಮೂವತ್ತು ವರ್ಷ ನೌಕರಿ, ಮಕ್ಕಳ ಓದು, ಬೆಂಗಳೂರಿನ ಓಡಾಟದಲ್ಲಿ ಕಳೆದುಹೋಗುತ್ತದೆ. ಮೈಯ ಕಸುವು ಸದ್ದಿಲ್ಲದೆ ಇಳಿಯುವುದು ಆ ವರ್ಷಗಳಲ್ಲೇ.

ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸ್ನಾಯುವಿನ ಶೇ 3ರಿಂದ 8ರಷ್ಟು ಭಾಗ ಕಡಿಮೆಯಾಗುತ್ತದೆ ಎಂಬುದು ವೈದ್ಯರ ಅಂದಾಜು. ಅರವತ್ತರ ನಂತರ ಈ ಇಳಿತ ಇನ್ನೂ ಜೋರು. ಇದು ಬರೀ ತೋಳಿನ ದಪ್ಪದ ಪ್ರಶ್ನೆಯಲ್ಲ. ಉಂಡ ಮುದ್ದೆ, ಅನ್ನದಿಂದ ರಕ್ತಕ್ಕೆ ಸೇರುವ ಸಕ್ಕರೆಯ ದೊಡ್ಡ ಪಾಲನ್ನು ಎಳೆದುಕೊಳ್ಳುವುದೇ ಸ್ನಾಯು. ಅದು ಸೊರಗಿದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ನೋಡಲು ಸಣಕಲಾದರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಇರುವುದು ಭಾರತೀಯರ ಮೈಯ ಲಕ್ಷಣ ಎಂದು ಪುಣೆಯ ವೈದ್ಯ ಸಿ.ಎಸ್. ಯಾಜ್ಞಿಕ್ ದಶಕಗಳಿಂದ ಹೇಳುತ್ತಾ ಬಂದಿದ್ದಾರೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಅಂದಾಜಿಸಿತು. ಹೀಗಿದ್ದೂ ನಮ್ಮಲ್ಲಿ ರೋಗಿಗೆ ಸಿಗುವ ಸಲಹೆ ಹೆಚ್ಚಿನ ಸಲ ‘ವಾಕಿಂಗ್’ ಎಂಬ ಒಂದೇ ಮಾತಿಗೆ ನಿಂತುಬಿಡುತ್ತದೆ.

ನಡಿಗೆ ಒಳ್ಳೆಯದು, ಬಿಡಬಾರದು. ಆದರೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಎರಡು ಭಾಗಗಳಿವೆ. ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ ಒಂದು. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಇನ್ನೊಂದು. ಈ ಎರಡನೆಯದು ಗುಬ್ಬಿ, ಕುಣಿಗಲ್‌ನ ಮನೆಗಳಿಗೆ ಇನ್ನೂ ತಲುಪಿಲ್ಲ. ತಲುಪಿದಲ್ಲೂ ಅದು ಜಿಮ್‌ಗೆ ಹೋಗುವ ಹುಡುಗರ ಶೋಕಿ ಎಂದೇ ಎಣಿಕೆಯಾಗಿದೆ.

ಓಡುವ ಹುಡುಗರಿಗೂ ಇದು ಬೇಕು. ಕಾನ್‌ಸ್ಟೆಬಲ್ ಹುದ್ದೆಗೆ ಗಂಡಸರು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹೆಂಗಸರು 400 ಮೀಟರನ್ನು ಎರಡು ನಿಮಿಷದಲ್ಲಿ ಓಡಬೇಕು. ಅಷ್ಟಕ್ಕಾಗಿ ದಿನವೂ ಅದೇ ದೂರವನ್ನು ಉಸಿರು ಕಟ್ಟಿ ಓಡುವುದು ಎಲ್ಲ ಮೈದಾನಗಳಲ್ಲೂ ಕಾಣುವ ಅಭ್ಯಾಸ. ಮೊಣಕಾಲಿನ ಕೆಳಗಿನ ಮೂಳೆ ನೋಯತೊಡಗಿದಾಗ ಓಟವೇ ನಿಲ್ಲುತ್ತದೆ, ಪರೀಕ್ಷೆ ಕೈತಪ್ಪುತ್ತದೆ. ಬ್ರಿಟನ್ನಿನ ಕ್ರೀಡಾ ವೈದ್ಯಕೀಯ ಪತ್ರಿಕೆಯೊಂದು 25 ಪ್ರಯೋಗಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಬಲವರ್ಧನೆಯ ವ್ಯಾಯಾಮ ಸೇರಿಸಿಕೊಂಡವರಲ್ಲಿ ಕ್ರೀಡಾ ಗಾಯಗಳು ಮೂರನೇ ಒಂದಕ್ಕಿಂತಲೂ ಕಡಿಮೆಯಾದವು. ದೇವರಾಯನದುರ್ಗದ ಏರಿನಲ್ಲಿ ಓಡುವವರು ಇಳಿಯುವಾಗಲೇ ತೊಡೆ ನಡುಗುತ್ತದೆ ಎನ್ನುವುದುಂಟು. ಇಳಿಜಾರಿನಲ್ಲಿ ಮೈಭಾರ ತಡೆಯುವುದು ತೊಡೆಯ ಸ್ನಾಯು. ಬಸ್ಕಿ ಹೊಡೆದ ತೊಡೆ ಆ ಭಾರ ತಾಳುತ್ತದೆ.

ಇದೇನೂ ಹೊರಗಿನಿಂದ ಬಂದ ವಿದ್ಯೆಯಲ್ಲ. ಗರಡಿಯಲ್ಲಿ ಸಾಮು ಮಾಡಿದವರು ದಂಡ, ಬಸ್ಕಿ, ಗದೆ, ಗುಂಡುಕಲ್ಲುಗಳಿಂದಲೇ ಮೈ ಕಟ್ಟಿದರು. ಮನೆಯಲ್ಲೇ ಕೂತು ಕಲಿಯುವ ವ್ಯಾಯಾಮಕ್ಕೂ ಇಲ್ಲಿ ಹಳೆಯ ಮಾದರಿಯಿದೆ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಕನ್ನಡಿಗರಿಗೆ ಪರಿಚಿತರಾದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದ್ದಷ್ಟೇ ಅಲ್ಲ, ಅಂಚೆಯ ಮೂಲಕ ದೂರದವರಿಗೂ ವ್ಯಾಯಾಮದ ಪಾಠ ಕಳಿಸುತ್ತಿದ್ದರು. 1930ರಲ್ಲಿ ‘ಮಸಲ್ ಕಲ್ಟ್’, 1937ರಲ್ಲಿ ‘ಸೂರ್ಯ ನಮಸ್ಕಾರ್’ ಎಂಬ ಇಂಗ್ಲಿಷ್ ಪುಸ್ತಕಗಳನ್ನು ಬರೆದರು. ಭಾರ ಎತ್ತುವುದಕ್ಕೂ ಸೂರ್ಯ ನಮಸ್ಕಾರಕ್ಕೂ ಅವರಲ್ಲಿ ಜಗಳವಿರಲಿಲ್ಲ. ಎರಡನ್ನೂ ಒಂದೇ ಪಾಠದಲ್ಲಿ ಸೇರಿಸಿದರು. ಇಂದು ಮೊಬೈಲ್‌ನಲ್ಲಿ ನೋಡಿ ಮಾಡುವ ವ್ಯಾಯಾಮಗಳ ಹಿರಿಯಣ್ಣ ಎಂದು ಆ ಅಂಚೆ ಪಾಠಗಳನ್ನು ಕರೆಯಬಹುದು.

ಗರಡಿಯ ಒಂದು ಕೊರತೆಯನ್ನು ಮಾತ್ರ ಮರೆಯಬಾರದು. ಅದರ ಬಾಗಿಲು ಹೆಂಗಸರಿಗೆ ಮುಚ್ಚಿತ್ತು. ಅವರ ಪಾಲಿಗೆ ಬಂದದ್ದು ರಾಗಿ ಬೀಸುವುದು, ಒನಕೆ ಹಿಡಿಯುವುದು, ನೀರು ಸೇದುವುದು. ಆ ದುಡಿತ ಮತ್ತೆ ಬರಲಿ ಎಂದು ಯಾರೂ ಬಯಸಬೇಕಿಲ್ಲ. ಅದು ಬಸುರಿ, ಬಾಣಂತಿ ಎಂದೂ ನೋಡದೆ ಹೆಣ್ಣುಮಕ್ಕಳನ್ನು ಸವೆಸಿತು. ಮಿಲ್ಲು, ಮಿಕ್ಸಿ, ನಲ್ಲಿಗಳು ಬಂದದ್ದು ನ್ಯಾಯ. ಆದರೆ ಬಿಟ್ಟುಹೋದ ಶ್ರಮದ ಜಾಗಕ್ಕೆ ಬೇರೆ ವ್ಯಾಯಾಮ ಬರಲಿಲ್ಲ. 2022ರಲ್ಲಿ ಭಾರತದ ವಯಸ್ಕ ಮಹಿಳೆಯರಲ್ಲಿ ಶೇ 57, ಪುರುಷರಲ್ಲಿ ಶೇ 42 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ ಎಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ 2024ರಲ್ಲಿ ವರದಿ ಮಾಡಿತು. ಬೆಳಗಿನ ಅಡುಗೆ ಮುಗಿಯುವ ಹೊತ್ತಿಗೆ ಬಿಸಿಲೇರಿರುತ್ತದೆ, ಸಂಜೆ ಮೈದಾನದಲ್ಲಿ ದೀಪವಿರುವುದಿಲ್ಲ. ಹೀಗಿರುವಾಗ ಮನೆಯ ಪಡಸಾಲೆಯೇ ಅವರ ಗರಡಿಯಾಗಬೇಕಾಗುತ್ತದೆ.

ಅಲ್ಲಿ ಬೇಕಾದ್ದು ಹೆಚ್ಚೇನಿಲ್ಲ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಗೋಡೆಗೆ ಕೈಯೂರಿ ದಂಡ. ಎರಡು ಕೈಚೀಲಕ್ಕೆ ಒಂದೆರಡು ಸೇರು ರಾಗಿ ತುಂಬಿ ಎತ್ತಿ ಇಳಿಸುವುದು. ವಾರಕ್ಕೆ ಎರಡು ಮೂರು ದಿನ, ಒಂದೊಂದು ಸಲಕ್ಕೆ ಅರ್ಧ ಗಂಟೆ. ಮುಖ್ಯವಾದ ಗುಟ್ಟು, ಭಾರ ಹೆಚ್ಚಿಸುತ್ತಾ ಹೋಗುವುದು: ಹತ್ತು ಬಸ್ಕಿ ಸಲೀಸಾದ ಮೇಲೂ ಹತ್ತರಲ್ಲೇ ನಿಂತರೆ ಮೈಗೆ ಹೊಸ ಕೆಲಸ ಸಿಗುವುದಿಲ್ಲ. ಹೃದ್ರೋಗ, ಹೆಚ್ಚು ಬಿಪಿ ಇದ್ದವರು ಡಾಕ್ಟರನ್ನು ಕೇಳಿಯೇ ತೊಡಗಬೇಕು. ವಯಸ್ಸಾಯಿತು ಎಂಬ ನೆಪ ಮಾತ್ರ ಸಲ್ಲದು. ಬಾಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಭಾರದ ತಾಲೀಮು ಕೊಟ್ಟರು. ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತೆಂದು 1990ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳುತ್ತದೆ.

ಊಟದ ಕಡೆಗೂ ಗಮನ ಬೇಕು. 60 ಕಿಲೋ ತೂಕದವರಿಗೆ ದಿನಕ್ಕೆ ಕನಿಷ್ಠ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ನೂರು ಗ್ರಾಂ ರಾಗಿಯಲ್ಲಿ ಅದು ಏಳು ಗ್ರಾಂ ಮಾತ್ರ. ಹುರುಳಿಕಾಳಿನಲ್ಲಿ ಸುಮಾರು 22. ಸ್ಟಡ್ ಫಾರ್ಮಿಗೆ ಹೆಸರಾದ ಕುಣಿಗಲ್‌ನವರಿಗೆ ಹುರುಳಿಯ ಬಲವನ್ನು ಬಿಡಿಸಿ ಹೇಳಬೇಕಿಲ್ಲ. ಡಬ್ಬಿಯ ಪುಡಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಮುದ್ದೆಯ ಜೊತೆಗೆ ಹುರುಳಿಕಾಳಿನ ಸಾರು, ಮೊಳಕೆಕಾಳಿನ ಪಲ್ಯ, ಮೊಟ್ಟೆ, ಮೊಸರು ಹೆಚ್ಚಿಸಿಕೊಳ್ಳುವುದು ಒಳ್ಳೆಯದು.

ಎಲ್ಲವನ್ನೂ ಮನೆಯವರ ತಲೆಗೇ ಕಟ್ಟುವುದೂ ತಪ್ಪು. ಗುಬ್ಬಿ, ಕುಣಿಗಲ್‌ನ ಶಾಲಾ ಮೈದಾನಗಳಿಗೆ ಸಂಜೆ ಏಳರವರೆಗೆ ದೀಪ, ಹೆಂಗಸರಿಗೆಂದೇ ಒಂದು ಗಂಟೆ, ಆ ಹೊತ್ತಿಗೆ ಗೌರವಧನ ಕೊಟ್ಟು ಒಬ್ಬ ದೈಹಿಕ ಶಿಕ್ಷಕಿ: ಸ್ಥಳೀಯ ಸಂಸ್ಥೆಗಳ ಕೈಗೆ ಎಟುಕದ ಖರ್ಚೇನಲ್ಲ. ಮೂವತ್ತು ದಾಟಿದವರ ಬಿಪಿ, ಶುಗರ್ ತಪಾಸಣೆಯನ್ನು ಸರ್ಕಾರ ಈಗಾಗಲೇ ನಡೆಸುತ್ತಿದೆ. ಅಲ್ಲೇ ಕುರ್ಚಿಯ ಪರೀಕ್ಷೆಯನ್ನೂ ಸೇರಿಸಬಹುದು. ಕೈಗಳನ್ನು ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆಂದು ಎಣಿಸಿದರಾಯಿತು. ಅಮೆರಿಕದ ಅಳತೆಯಲ್ಲಿ 60ರಿಂದ 64ರ ಮಹಿಳೆ 12ಕ್ಕಿಂತ, ಪುರುಷ 14ಕ್ಕಿಂತ ಕಡಿಮೆ ಸಲ ಎದ್ದರೆ ಅದು ಸರಾಸರಿಗಿಂತ ಕೆಳಗೆ. ನಮ್ಮವರಿಗೆ ಹೊಂದುವ ಅಂಕಿಯನ್ನು ವೈದ್ಯಕೀಯ ಕಾಲೇಜುಗಳು ಗೊತ್ತುಮಾಡಲಿ. ಕಡಿಮೆ ಬಂದವರಿಗೆ ಮಾತ್ರೆಯ ಚೀಟಿಯ ಜೊತೆಗೇ ಮನೆಯಲ್ಲಿ ಮಾಡಬೇಕಾದ ನಾಲ್ಕು ವ್ಯಾಯಾಮಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಲಿ. ಮೂರು ತಿಂಗಳ ನಂತರ ಮತ್ತೆ ಕರೆದು, ಅದೇ ಕುರ್ಚಿಯ ಮೇಲೆ ಕೂರಿಸಿ ಎಣಿಸಲಿ.