ಹೆನ್ರಿ ಎಲ್ಲಿ ಹೋದ?

‘ಥಾಮಸ್ ಅಂಡ್ ಫ್ರೆಂಡ್ಸ್’ ನೋಡ್ತಿದ್ದ ಅಕ್ಕನ ಮಗ, "ಮಾಮಾ, ಹೆನ್ರಿ ಎಲ್ಲಿ?" ಅಂದ.

1984ರ ಮೊದಲ ಸೀಸನ್‌ನಲ್ಲಿ, ಮಳೆಗೆ ತನ್ನ ಹಸಿರು ಬಣ್ಣ ಹಾಳಾಗುತ್ತೆ ಅಂತ ಹೆನ್ರಿ ಸುರಂಗ ಬಿಟ್ಟು ಬರೋದೇ ಇಲ್ಲ. ಹಳಿ ಕಿತ್ತು, ಎದುರಿಗೆ ಗೋಡೆ ಕಟ್ಟಿಬಿಡ್ತಾರೆ! ಮಕ್ಕಳ ಕಾರ್ಟೂನಿಗೆ ಸ್ವಲ್ಪ ಜಾಸ್ತಿನೇ ಆಯ್ತು. ಆದರೆ ಗಾರ್ಡನ್ ಕೆಟ್ಟು ನಿಂತಾಗ ಆ ಗೋಡೆ ಒಡೆದು ಹೆನ್ರಿಯನ್ನೇ ಕರೀತಾರೆ.

2018ರಲ್ಲಿ ಕೀನ್ಯಾದ ನಿಯಾ, ಹಳದಿ ಬಣ್ಣದ ರೆಬೆಕಾ ಬಂದರು. ನಿಯಾ ನನಗೂ ಇಷ್ಟ. ಆದರೆ ಹೆನ್ರಿ, ಎಡ್ವರ್ಡ್ ಟಿಡ್‌ಮೌತ್ ಶೆಡ್ ಬಿಟ್ಟರು, ಆಮೇಲೆ ಕಾಣಿಸಿದ್ದೇ ಅಪರೂಪ. ಈ ಸಲ ಗೋಡೆಯೂ ಇಲ್ಲ, ಒಡೆಯೋರೂ ಇಲ್ಲ. ಮೂರು ತಿಂಗಳು ಬೆಂಚ್‌ನಲ್ಲಿ ಕೂತಿದ್ದ ನನಗೆ ಇದು ಚೆನ್ನಾಗಿ ಗೊತ್ತು.

"ಬೇರೆ ಶೆಡ್ಡಿಗೆ ಹೋಗಿದಾನೆ ಪುಟ್ಟಾ."

"ಯಾವಾಗ ಬರ್ತಾನೆ?"

ಹಳೇ ಎಪಿಸೋಡ್ ಹಾಕಿಕೊಟ್ಟೆ.