ಕತ್ತರಿಯ ಗುಣಗಾನ ಸಾಕು

ಜೀನ್ ಎಡಿಟಿಂಗ್ ಬಗ್ಗೆ ಯಾರು ಬರೆದರೂ ಅಲ್ಲೊಂದು ಕತ್ತರಿ ಬಂದೇ ಬರುತ್ತದೆ. ಕ್ರಿಸ್ಪರ್ ಎಂದರೆ ಡಿಎನ್‌ಎ ಕತ್ತರಿಸುವ ಅಣುಗಾತ್ರದ ಕತ್ತರಿ. ರೂಪಕ ಸುಳ್ಳಲ್ಲ, 2020ರಲ್ಲಿ ಶಾರ್ಪೆಂಟಿಯೆ ಮತ್ತು ಡೌಡ್ನಾ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ತಂದುಕೊಟ್ಟದ್ದೂ ಅದೇ ಕತ್ತರಿ. ಆದರೆ ಅದನ್ನು ಜೀವಕೋಶದೊಳಕ್ಕೆ ಒಯ್ಯುವವರು ಯಾರು ಎಂಬ ಪ್ರಶ್ನೆಯನ್ನು ಈ ರೂಪಕ ಮುಚ್ಚಿಡುತ್ತದೆ. ವಂಶವಾಹಿ ಕಾಯಿಲೆಗಳ ಚಿಕಿತ್ಸೆ ಇವತ್ತು ಮುಗ್ಗರಿಸುತ್ತಿರುವುದು ಅಲ್ಲೇ.

ಸಿಕಲ್ ಸೆಲ್ ಕಾಯಿಲೆಯನ್ನೇ ನೋಡಿ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಜೀವ ಹಿಂಡುವ ನೋವು ಕೊಡುತ್ತವೆ. 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಇದಕ್ಕೆ 'ಕ್ಯಾಸ್ಜೆವಿ' ಎಂಬ ಕ್ರಿಸ್ಪರ್ ಚಿಕಿತ್ಸೆಯನ್ನು ಒಪ್ಪಿದವು. ಅದರಲ್ಲಿ ಕತ್ತರಿ ದೇಹದೊಳಕ್ಕೆ ಹೋಗುವುದೇ ಇಲ್ಲ. ರೋಗಿಯ ರಕ್ತದ ಕಾಂಡಕೋಶಗಳನ್ನು ಹೊರತೆಗೆದು, ವಿದ್ಯುತ್ ಮಿಡಿತದಿಂದ ಅವುಗಳ ಪೊರೆಯನ್ನು ಕ್ಷಣಕಾಲ ತೆರೆಸಿ, ಪ್ರಯೋಗಾಲಯದಲ್ಲೇ ತಿದ್ದುತ್ತಾರೆ. ಆಮೇಲೆ ತೀವ್ರ ಕೀಮೋಥೆರಪಿಯಿಂದ ಮಜ್ಜೆಯನ್ನು ಬರಿದುಮಾಡಿ, ತಿದ್ದಿದ ಕೋಶಗಳನ್ನು ಮರಳಿ ಸೇರಿಸುತ್ತಾರೆ. ವಾರಗಟ್ಟಲೆ ಆಸ್ಪತ್ರೆವಾಸ. ಅಮೆರಿಕದಲ್ಲಿ ಔಷಧದ ಬೆಲೆಯೇ 22 ಲಕ್ಷ ಡಾಲರ್, ಅಂದರೆ 18 ಕೋಟಿ ರೂಪಾಯಿಗೂ ಮೇಲೆ.

ಭಾರತದಲ್ಲಿ ಈ ಕಾಯಿಲೆ ಮೊದಲು ದಾಖಲಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಚಾಮರಾಜನಗರ, ಮೈಸೂರಿನ ಕಾಡಂಚಿನ ಹಾಡಿಗಳಲ್ಲೂ ಅದಿದೆ. ಅಲ್ಲಿನ ಒಂದು ಮಗುವಿಗೆ ಈ 'ಗೆಲುವು' ಯಾವ ದಾರಿಯಲ್ಲಿ ತಲುಪೀತು?

ದೇಹದೊಳಗೇ ತಿದ್ದುವ ದಾರಿ ಇಲ್ಲದಿಲ್ಲ. 2025ರಲ್ಲಿ ಅಮೆರಿಕದ ವೈದ್ಯರು ಒಂದು ಹಸುಗೂಸಿಗೆ, ಅದರದೇ ವಂಶವಾಹಿ ದೋಷಕ್ಕೆ ಹೊಂದುವ ಎಡಿಟರ್ ತಯಾರಿಸಿ, ಸೂಕ್ಷ್ಮ ಕೊಬ್ಬಿನ ಕಣಗಳಲ್ಲಿಟ್ಟು ರಕ್ತಕ್ಕೆ ಕೊಟ್ಟರು. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳನ್ನು ಹೊತ್ತು ತಂದದ್ದೂ ಇಂಥ ಕಣಗಳೇ. ಆದರೆ ಇವು ಸಲೀಸಾಗಿ ಹೋಗಿ ಸೇರುವುದು ಯಕೃತ್ತಿಗೆ; ಆ ಮಗುವಿನ ದೋಷವೂ ಅಲ್ಲೇ ಇತ್ತು. ಸಿಕಲ್ ಸೆಲ್‌ಗೆ ಬೇಕಾದ್ದು ಮೂಳೆಯೊಳಗಿನ ಮಜ್ಜೆಯ ವಿಳಾಸ. ಇನ್ನು ಜೀನ್ ಚಿಕಿತ್ಸೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ಎಎವಿ ವೈರಸ್ಸಿನ ಚೀಲದಲ್ಲಿ ಹಿಡಿಸುವುದು ಸುಮಾರು 4,700 ಡಿಎನ್‌ಎ ಅಕ್ಷರ ಮಾತ್ರ. ಸಾಮಾನ್ಯವಾಗಿ ಬಳಸುವ ಕ್ಯಾಸ್9 ಕತ್ತರಿಯ ಜೀನೊಂದೇ 4,100 ಅಕ್ಷರ ನುಂಗುತ್ತದೆ.

ಆದರೂ ಸೆಮಿನಾರುಗಳಲ್ಲಿ ನನ್ನಂಥ ಸಂಶೋಧನಾ ವಿದ್ಯಾರ್ಥಿಗಳ ಕಿವಿಗೆ ಬೀಳುವ ಮಾತು, 'ಡೆಲಿವರಿ ಬರೀ ಇಂಜಿನಿಯರಿಂಗ್, ವಿಜ್ಞಾನವಲ್ಲ' ಎಂದು. ಪಲ್ಲಕ್ಕಿಯಲ್ಲಿ ಕೂತವರ ಹೆಸರಷ್ಟೇ ನೆನಪಿಡುವ ಸಮಾಜಕ್ಕೆ ಈ ಮೇಲುಕೀಳು ಹೊಸದಲ್ಲ.

ಮೊದಲು ಅಗ್ಗದ ಹೈಡ್ರಾಕ್ಸಿಯೂರಿಯಾ ಮಾತ್ರೆ ಎಲ್ಲರಿಗೂ ಸಿಗಲಿ ಎನ್ನುವವರಿದ್ದಾರೆ. ಖಂಡಿತ ಸಿಗಲಿ, ಇವತ್ತೇ ಸಿಗಲಿ. ಆದರೆ ಬಡವರಿಗೆ ಮಾತ್ರೆ, ಉಳ್ಳವರಿಗೆ ಎಡಿಟಿಂಗ್ ಎಂಬ ಪಂಕ್ತಿಭೇದವನ್ನು ಅದರ ಹೆಸರಿನಲ್ಲಿ ಒಪ್ಪಲಾಗದು. 2047ರೊಳಗೆ ಸಿಕಲ್ ಸೆಲ್ ನಿರ್ಮೂಲನೆ ಮಾಡುತ್ತೇವೆಂದು 2023ರಲ್ಲಿ ಘೋಷಿಸಿದ ಸರ್ಕಾರ ರಕ್ತಪರೀಕ್ಷೆಗೆ ನಿಲ್ಲಬಾರದು. ಕೀಮೋ ಇಲ್ಲದೆ, ಜಿಲ್ಲಾಸ್ಪತ್ರೆಯ ಒಂದು ಚುಚ್ಚುಮದ್ದಿನಲ್ಲಿ ಮಜ್ಜೆ ತಲುಪುವ ವಾಹಕವನ್ನು ಹುಡುಕಲು ಸಾರ್ವಜನಿಕ ಹಣ ಹರಿಯಬೇಕು. ಸಿಕ್ಕ ವಾಹಕ ಸಾರ್ವಜನಿಕರ ಸ್ವತ್ತಾಗಿ ಉಳಿಯಬೇಕು. ಕತ್ತರಿ ಹರಿತವಾಗಿದೆ, ಒಪ್ಪೋಣ. ಹಾಡಿಗೆ ಹೋಗುವ ದಾರಿಯನ್ನು ಮಾತ್ರ ಇನ್ನೂ ಯಾರೂ ಹಾಕಿಲ್ಲ.