ಮಣಿಕಟ್ಟಿನ ಲೆಕ್ಕಪತ್ರ

ಗಲ್ಫಿನಿಂದ ರಜೆಯಲ್ಲಿ ಬಂದ ಮಗನೋ ಬೆಂಗಳೂರಿನಲ್ಲಿರುವ ಮಗಳೋ ತಂದುಕೊಟ್ಟ ಕಪ್ಪುಪಟ್ಟಿಯ ಗಡಿಯಾರವೊಂದು ಈಗ ಕಾಸರಗೋಡಿನ ಕಡೆಯ ಎಷ್ಟೋ ಹಿರಿಯರ ಮಣಿಕಟ್ಟನ್ನು ಅಲಂಕರಿಸಿದೆ. ಹೊತ್ತು ತಿಳಿಸುವುದು ಅದರ ಉಪಕಸುಬು ಮಾತ್ರ. ನಡೆದ ಹೆಜ್ಜೆ, ನಾಡಿಯ ಬಡಿತ, ವ್ಯಯವಾದ ಕ್ಯಾಲೊರಿ ಇವುಗಳ ಜಮಾಖರ್ಚನ್ನು ಬರೆದಿಡುವುದೇ ಅದರ ಮುಖ್ಯ ಉದ್ಯೋಗ. ಸಂಜೆಯ ಅರ್ಧ ಗಂಟೆಯ ನಡಿಗೆಯನ್ನೇ ವ್ಯಾಯಾಮವೆಂದು ಇಟ್ಟುಕೊಂಡವರು ಈ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬಹುದು? ಮೂರು ಲೆಕ್ಕಗಳೂ ಒಂದೇ ತೂಕದವಲ್ಲ ಎಂಬುದನ್ನು ಮೊದಲು ತಿಳಿಯಬೇಕು.

ಗಡಿಯಾರಕ್ಕೆ ನಮ್ಮ ಪಾದಗಳು ಕಾಣುವುದಿಲ್ಲ. ಚಲನೆಯ ಏರಿಳಿತವನ್ನು ಗ್ರಹಿಸುವ ಪುಟ್ಟ ಸಾಧನವೊಂದು ಅದರೊಳಗಿದ್ದು, ಕೈಯ ಬೀಸಿನಿಂದ ಹೆಜ್ಜೆಯನ್ನು ಊಹಿಸುತ್ತದೆ. ಸಮನಾದ ರಸ್ತೆಯಲ್ಲಿ ಕೈಬೀಸಿ ನಡೆಯುವವರಿಗೆ ಈ ಊಹೆ ಬಹುಮಟ್ಟಿಗೆ ಸರಿಯಾಗುತ್ತದೆ. ಊರುಗೋಲು ಹಿಡಿದು ಮೆಲ್ಲನೆ ನಡೆಯುವ ಅಜ್ಜನ ಹೆಜ್ಜೆಗಳಲ್ಲಿ ಹಲವು ಬಿಟ್ಟುಹೋಗುತ್ತವೆ. ತಲೆಯ ಮೇಲಿನ ಸೊಪ್ಪಿನ ಹೊರೆಯನ್ನು ಎರಡೂ ಕೈಗಳಿಂದ ಹಿಡಿದು ಗುಡ್ಡವಿಳಿಯುವ ಹೆಂಗಸಿಗೂ ಅದೇ ಗತಿ. ಕುಳಿತಲ್ಲಿಯೇ ಮೊಸರು ಕಡೆಯುವವರಿಗಾದರೋ ಕೆಲವು ಹೆಜ್ಜೆಗಳು ಪುಕ್ಕಟೆಯಾಗಿ ಜಮೆಯಾಗುವುದುಂಟು! ಮನೆಗೆಲಸದ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದಿರುವ ನಮ್ಮ ಹಳೆಯ ಪದ್ಧತಿಯನ್ನು ಈ ಯಂತ್ರವೂ ಕಲಿತಂತಿದೆ.

ಹೆಜ್ಜೆಯ ಮಾತು ಬಂದಾಗ ಹತ್ತು ಸಾವಿರದ ವಿಚಾರವನ್ನೂ ಹೇಳಲೇಬೇಕು. ದಿನಕ್ಕೆ 10,000 ಹೆಜ್ಜೆ ಎಂಬುದು ವೈದ್ಯರ ಪ್ರಯೋಗಶಾಲೆಯಲ್ಲಿ ಹುಟ್ಟಿದ ಅಂಕಿಯಲ್ಲ. ಟೋಕಿಯೋ ಒಲಿಂಪಿಕ್ಸ್ ನಡೆದ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಕಂಪೆನಿ ಮಾರಾಟಕ್ಕಿಟ್ಟ ಹೆಜ್ಜೆಮಾಪಕದ ಹೆಸರೇ ‘ಮನ್-ಪೊ-ಕೆಯಿ’, ಅಂದರೆ ಹತ್ತು ಸಾವಿರ ಹೆಜ್ಜೆಗಳ ಮಾಪಕ. 2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಸರಾಸರಿ 72 ವರ್ಷದ 16,741 ಮಹಿಳೆಯರ ಸೊಂಟಕ್ಕೆ ಸಾಧನ ಕಟ್ಟಿ ಹೆಜ್ಜೆಗಳನ್ನು ಎಣಿಸಲಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ಇಡುತ್ತಿದ್ದವರಿಗಿಂತ 4,400 ಇಡುತ್ತಿದ್ದವರಲ್ಲಿ ಮರಣದ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು. ಸುಮಾರು 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಮೊಣಕಾಲು ನೋವಿನ ಅಜ್ಜಿಯೊಬ್ಬರು ಕೊರತೆಯ ಸಾವಿರ ಹೆಜ್ಜೆಗಳನ್ನು ತುಂಬಿಸಲೆಂದು ರಾತ್ರಿ ಜಗಲಿಯಲ್ಲಿ ಶತಪಥ ಹಾಕಬೇಕಾದ ಅಗತ್ಯವೇನೂ ಇಲ್ಲ.

ನಾಡಿಯ ಲೆಕ್ಕ ಹೆಚ್ಚು ನಂಬಿಕೆಗೆ ಅರ್ಹವಾದುದು. ಗಡಿಯಾರದ ಅಡಿಯಲ್ಲಿ ಮಿನುಗುವ ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ರಕ್ತ ಉಕ್ಕಿದಾಗ ಮರಳುವ ಬೆಳಕು ಕುಗ್ಗುತ್ತದೆ. ಆ ಏರುಪೇರನ್ನೇ ಯಂತ್ರ ಎಣಿಸುತ್ತದೆ. ಪಟ್ಟಿ ಸಡಿಲವಾಗಿದ್ದರೆ, ಅಥವಾ ಕೈ ಜೋರಾಗಿ ಅಲುಗುವ ಆಟಗಳಲ್ಲಿ, ಎಣಿಕೆ ತಪ್ಪುತ್ತದೆ. ಸಂಶಯವಿದ್ದಲ್ಲಿ ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, 30 ಸೆಕೆಂಡುಗಳ ಬಡಿತವನ್ನು ಎಣಿಸಿ ಇಮ್ಮಡಿಸಿ ನೋಡಬಹುದು. ರಕ್ತದೊತ್ತಡಕ್ಕೆಂದು ಬೀಟಾ-ಬ್ಲಾಕರ್ ಎಂಬ ವರ್ಗದ ಮಾತ್ರೆ ಸೇವಿಸುವವರಲ್ಲಿ ಔಷಧಿಯೇ ನಾಡಿಯ ವೇಗವನ್ನು ತಗ್ಗಿಸುತ್ತದೆ. ಅಂಥವರು ‘ಇನ್ನೂ ವೇಗ ಸಾಲದು’ ಎಂದು ಗಡಿಯಾರ ಹೇಳಿತೆಂದು ಓಡತೊಡಗಬಾರದು.

ಕ್ಯಾಲೊರಿಯ ಲೆಕ್ಕವಂತೂ ಶುದ್ಧ ಅಂದಾಜು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 60 ಮಂದಿಯ ಕೈಗೆ ಏಳು ಬಗೆಯ ಸಾಧನಗಳನ್ನು ಕಟ್ಟಿ, ಉಸಿರಿನ ಅನಿಲಗಳ ಮಾಪನದೊಡನೆ ಹೋಲಿಸಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಡಿಯ ವಿಷಯದಲ್ಲಿ ಆರು ಸಾಧನಗಳ ತಪ್ಪು ಶೇಕಡಾ 5ರೊಳಗಿತ್ತು. ಕ್ಯಾಲೊರಿಯಲ್ಲಿ ಅತ್ಯುತ್ತಮವಾದುದೇ ಸರಾಸರಿ ಶೇಕಡಾ 27ರಷ್ಟು ತಪ್ಪಿತು. ಕೊನೆಯದು ಶೇಕಡಾ 93. ಅಂದರೆ 200 ಕ್ಯಾಲೊರಿ ವ್ಯಯವಾದಲ್ಲಿ ಉತ್ತಮ ಯಂತ್ರವೇ 254 ಎಂದೋ 146 ಎಂದೋ ಹೇಳಬಹುದು. ಆ ಸಾಧನಗಳಲ್ಲಿ ಕೆಲವು ಇಂದು ಮಾರುಕಟ್ಟೆಯಲ್ಲಿಲ್ಲ; ಆದರೆ ವಯಸ್ಸು, ತೂಕ, ಚಲನೆಗಳನ್ನು ಕೂಡಿಸಿ ಊಹಿಸುವ ಕ್ರಮ ಉಳಿದಿದೆ.

ಅಪಾಯವಿರುವುದು ಇಲ್ಲಿಯೇ. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಯೊಬ್ಬರು ‘ಇಂದು 400 ಕರಗಿದೆ’ ಎಂದು ಒಂದು ಹೋಳಿಗೆ ಹೆಚ್ಚು ತಿಂದರೆ, ಅಥವಾ ಮದ್ದಿನ ಪ್ರಮಾಣವನ್ನು ತಾವೇ ಬದಲಿಸಿದರೆ, ತಪ್ಪಿನ ಫಲವನ್ನು ಉಣ್ಣುವುದು ಗಡಿಯಾರವಲ್ಲ. ಸೂಜಿ ಚುಚ್ಚದೆ ರಕ್ತದ ಸಕ್ಕರೆಯನ್ನು ಅಳೆಯುತ್ತೇವೆಂದು ಹೇಳಿಕೊಳ್ಳುವ ಗಡಿಯಾರಗಳೂ ಇವೆ. ತಾನು ಅಂಥ ಯಾವುದಕ್ಕೂ ಅನುಮತಿ ಕೊಟ್ಟಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ನಡೆಯುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಗಡಿಯಾರದ ಅಂಕಿ ಎಷ್ಟೇ ಸೌಮ್ಯವಾಗಿರಲಿ, ಅಲ್ಲಿಯೇ ನಿಂತು ವೈದ್ಯರ ಸಹಾಯ ಪಡೆಯಬೇಕು.

ಹಾಗೆಂದು ಮಕ್ಕಳ ಉಡುಗೊರೆಯನ್ನು ಕಪಾಟಿನಲ್ಲಿ ಇಡಬೇಕಾಗಿಲ್ಲ. ಒಂದೇ ಗಡಿಯಾರವನ್ನು ಅದೇ ಕೈಗೆ ಕಟ್ಟಿದರೆ, ಕಳೆದ ವಾರಕ್ಕಿಂತ ಈ ವಾರ ಹೆಚ್ಚು ನಡೆದೆವೋ ಇಲ್ಲವೋ ಎಂಬುದನ್ನು ಅದು ಸಾಕಷ್ಟು ನಿಷ್ಠೆಯಿಂದ ತಿಳಿಸುತ್ತದೆ; ನೆರೆಮನೆಯವರ ಗಡಿಯಾರದೊಡನೆ ಹೋಲಿಕೆ ಮಾತ್ರ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಲ್ಲಿ ಹೆಜ್ಜೆಯ ಗುರಿಯಿಲ್ಲ, ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವೆಂದಿದೆ. ನಡೆಯುತ್ತ ಮಾತನಾಡಬಹುದು, ಆದರೆ ಹಾಡಲಾಗದು ಎನ್ನುವಷ್ಟು ವೇಗವೇ ಮಧ್ಯಮ ಶ್ರಮ. ನಾಡಿ ನೋಡುವ ದಿನ ಪಟ್ಟಿಯನ್ನು ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಿನಷ್ಟು ಮೇಲಕ್ಕೆ, ಜಾರದಂತೆ, ಆದರೆ ಬಿಗಿಯಾಗದಂತೆ ಕಟ್ಟಿ. ಮನೆಗೆ ಬಂದೊಡನೆ ಬಿಚ್ಚಿ, ಬೆವರನ್ನು ಒರಸಿಡಿ.